ಬ್ಯಾಲರಾಟ್: ಹೋಟೆಲುಗಳ ಮೇಲೆ ಎದ್ದು ನಿಂತ ಚಿನ್ನದೂರು

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಬ್ಯಾಲರಾಟ್ ಚಿನ್ನದಿಂದ ಹುಟ್ಟಿದ ಊರು. ಅಲ್ಲಿನ ಲಿಡಿಯಾರ್ಡ್ ಬೀದಿಯಲ್ಲಿ ನಡೆದರೆ ಮೂಲೆಯ ಗೋಪುರ ಹೊತ್ತ ಕ್ರೇಗ್ಸ್ ರಾಯಲ್ ಹೋಟೆಲ್, ಮೂರು ಅಂತಸ್ತಿಗೂ ಎರಕದ ಕಬ್ಬಿಣದ ಜಾಲರಿ ಬಿಗಿದುಕೊಂಡ ಜಾರ್ಜ್ ಹೋಟೆಲ್, 1886ರ ರೀಡ್ಸ್ ಕಾಫಿ ಪ್ಯಾಲೆಸ್ ಕಾಣಸಿಗುತ್ತವೆ. ನೋಡಿದವರಿಗೆ ಮೊದಲು ಚಿನ್ನ ಸಿಕ್ಕಿತು, ಆಮೇಲೆ ಹಣ ಬಂತು, ಕೊನೆಗೆ ಇಂಥ ಕಟ್ಟಡಗಳು ಎದ್ದವು ಎನಿಸುವುದು ಸಹಜ. ಈ ಕಟ್ಟಡಗಳ ಮಟ್ಟಿಗೆ ಅದು ನಿಜ, ಊರಿನ ಮಟ್ಟಿಗೆ ಅಲ್ಲ. ಪುರಭವನ, ಗ್ರಂಥಾಲಯ, ರಂಗಮಂದಿರಗಳು ತಲೆಯೆತ್ತುವ ಮೊದಲು ಅವುಗಳ ಕೆಲಸವನ್ನೆಲ್ಲ ಹೋಟೆಲುಗಳೇ ಮಾಡಿದವು. ಅವುಗಳಲ್ಲಿ ಊರಿನ ಹಣೆಬರಹವನ್ನೇ ತಿದ್ದಿದ ಹೆಚ್ಚಿನವು ಈಗ ಇಲ್ಲ. ಉಳಿದ ಕಟ್ಟಡಗಳನ್ನಷ್ಟೇ ನೋಡಿ ಬ್ಯಾಲರಾಟಿನ ಚರಿತ್ರೆ ಬರೆದರೆ ಅದು ಗೆದ್ದವರ ಚರಿತ್ರೆ ಮಾತ್ರ ಆದೀತು.

1851ರ ಆಗಸ್ಟಿನಲ್ಲಿ ಇಲ್ಲಿ ಚಿನ್ನ ಸಿಕ್ಕಿದ ಸುದ್ದಿ ಹರಡಿದ್ದೇ ತಡ, ಕಣಿವೆ ತುಂಬ ಡೇರೆಗಳು ಎದ್ದವು. ಚಿನ್ನ ಸಿಗಲಿ ಬಿಡಲಿ, ಗುಂಡಿ ತೋಡುವ ಪ್ರತಿಯೊಬ್ಬನೂ ತಿಂಗಳಿಗೆ 30 ಶಿಲಿಂಗ್ ಲೈಸೆನ್ಸ್ ಶುಲ್ಕ ಕಟ್ಟಬೇಕಿತ್ತು. ಗಣಿ ಪ್ರದೇಶದಲ್ಲಿ ಮದ್ಯ ಮಾರುವುದಕ್ಕೆ ಮೊದಮೊದಲು ನಿಷೇಧವಿತ್ತು. ಹಾಗಾಗಿ ಕಾಫಿ, ಲಿಂಬೆ ಪಾನಕದ ಹೆಸರಿನಲ್ಲಿ ಡೇರೆಯೊಳಗೆ ಕದ್ದು ಮಾರಾಟ ನಡೆಯುತ್ತಿತ್ತು. ಅದನ್ನು ಹಿಡಿದ ಪೊಲೀಸರಿಗೆ ದಂಡದಲ್ಲಿ ಪಾಲು ಸಿಗುತ್ತಿತ್ತು. ಇಂಥ ಕಡೆ 1853ರಲ್ಲಿ ಥಾಮಸ್ ಬಾತ್ ಪರವಾನಗಿ ಪಡೆದು ಹೋಟೆಲ್ ತೆರೆದ. ಅಲ್ಲಿನ ಹೋಟೆಲ್ ಎಂದರೆ ಮದ್ಯ, ಊಟ, ವಸತಿ ಮೂರೂ ಒಂದೇ ಸೂರಿನಡಿ. ಇವತ್ತಿದ್ದವನು ನಾಳೆ ಬೇರೆ ಕಣಿವೆಗೆ ಹೋಗುವ ಊರಿನಲ್ಲಿ ಗಟ್ಟಿ ನೆಲ, ದೊಡ್ಡ ಕೋಣೆ, ಹೆಸರು ಹೇಳಿದರೆ ಎಲ್ಲರಿಗೂ ಗುರುತು ಸಿಗುವ ಬಾಗಿಲು ಇದ್ದದ್ದು ಇಂಥ ಕಡೆಗಳಲ್ಲೇ. ಅನುಮಾನಾಸ್ಪದ ಸಾವಿನ ವಿಚಾರಣೆಯೂ ಸಭೆಯೂ ಹೋಟೆಲಿನಲ್ಲೇ ಸೇರುವುದು ಆ ಕಾಲದ ರೂಢಿ. ಪರವಾನಗಿ ಸರ್ಕಾರದ ಕೈಯಲ್ಲಿದ್ದುದರಿಂದ ಹೋಟೆಲಿನವನಿಗೂ ಅಧಿಕಾರಿಗಳಿಗೂ ನಂಟು ಬೆಳೆಯುವುದು ತಪ್ಪುತ್ತಿರಲಿಲ್ಲ.

ಆ ನಂಟಿನ ಫಲ ಯುರೇಕಾ ಹೋಟೆಲಿನಲ್ಲಿ ಕಾಣಿಸಿತು. ಅದರ ಮಾಲೀಕ ಜೇಮ್ಸ್ ಬೆಂಟ್ಲಿ ಹಿಂದೆ ಶಿಕ್ಷೆ ಅನುಭವಿಸಿದ್ದ ಕೈದಿ. 1854ರ ಅಕ್ಟೋಬರ್ 6ರ ರಾತ್ರಿ ಜೇಮ್ಸ್ ಸ್ಕೋಬಿ ಎಂಬ ಸ್ಕಾಟ್ಲೆಂಡಿನ ಗಣಿಗಾರ ಗೆಳೆಯನೊಬ್ಬನ ಜೊತೆ ಬಂದು, ಮುಚ್ಚಿದ್ದ ಬಾಗಿಲು ಬಡಿದು ಕುಡಿಯಲು ಕೇಳಿದ. ಜಗಳವಾಗಿ ಕಿಟಕಿಯ ಗಾಜು ಒಡೆಯಿತು. ಸ್ವಲ್ಪ ಹೊತ್ತಿನಲ್ಲಿ, ಹೋಟೆಲಿಗೆ ಅಷ್ಟೇನೂ ದೂರವಲ್ಲದ ಕಡೆ ಸ್ಕೋಬಿ ಪೆಟ್ಟು ತಿಂದು ಸತ್ತ. ಕೊಲೆಯ ಆರೋಪ ಬೆಂಟ್ಲಿಯ ಮೇಲೆ ಬಿತ್ತು. 12ನೇ ತಾರೀಕು ವಿಚಾರಣೆ ನಡೆಸಿದ ಮೂವರಲ್ಲಿ ಜಾನ್ಸ್ಟನ್ ಎಂಬಾತ ಒಪ್ಪದಿದ್ದರೂ ಬೆಂಟ್ಲಿ ಬಿಡುಗಡೆಯಾದ. ಪೀಠದಲ್ಲಿದ್ದ ಮ್ಯಾಜಿಸ್ಟ್ರೇಟ್ ಡ್ಯೂಸ್‌ಗೂ ಬೆಂಟ್ಲಿಗೂ ಹಣದ ವ್ಯವಹಾರವಿದೆ ಎಂದು ಜನ ಆಡಿಕೊಳ್ಳುತ್ತಿದ್ದರು. 17ರಂದು ಸಾವಿರಾರು ಜನ ಸೇರಿದರು, ಹೋಟೆಲು ಸುಟ್ಟು ಬೂದಿಯಾಯಿತು, ಬೆಂಟ್ಲಿ ಕುದುರೆಯೇರಿ ಸರ್ಕಾರಿ ಶಿಬಿರಕ್ಕೆ ಓಡಿದ. ಆಮೇಲೆ ಮತ್ತೆ ವಿಚಾರಣೆಯಾಗಿ ಅವನಿಗೆ ಮೂರು ವರ್ಷದ ಕಠಿಣ ಶಿಕ್ಷೆಯಾಯಿತು, ಡ್ಯೂಸ್ ಕೆಲಸ ಕಳೆದುಕೊಂಡ.

ಮುಂದಿನ ಕತೆ ಹೀಗೆ. ನವೆಂಬರ್ 11ರಂದು ಬೇಕರಿ ಹಿಲ್‌ನ ಬಹಿರಂಗ ಸಭೆಯಲ್ಲಿ ಬ್ಯಾಲರಾಟ್ ಸುಧಾರಣಾ ಲೀಗ್ ರೂಪ ಪಡೆಯಿತು, ತಿಂಗಳ ಕೊನೆಗೆ ಗಣಿಗಾರರು ತಮ್ಮ ಲೈಸೆನ್ಸುಗಳನ್ನು ಸುಟ್ಟರು, ಡಿಸೆಂಬರ್ 3ರ ಮುಂಜಾನೆ ಸೈನಿಕರು ಗಣಿಗಾರರು ಕಟ್ಟಿಕೊಂಡಿದ್ದ ಮರದ ಕೋಟೆಗೆ ನುಗ್ಗಿದಾಗ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಇದರಲ್ಲಿ ಗಮನಿಸಬೇಕಾದ್ದು ಜಾಗಗಳನ್ನು. ಅನ್ಯಾಯ ಮೊಳೆತದ್ದು ಯುರೇಕಾ ಹೋಟೆಲಿನ ಮುಂದೆ. ಚಳವಳಿಯ ಮುಂದಾಳುಗಳು ಕೂತು ಮಾತಾಡಿದ್ದು ಮೇನ್ ರಸ್ತೆಯ ಸ್ಟಾರ್ ಹೋಟೆಲಿನಲ್ಲಿ. ರಕ್ತ ಹರಿದ ಮೇಲೆ ಸರ್ಕಾರದ ಆಯೋಗ ಅಹವಾಲು ಕೇಳಿದ್ದು ಬಾತ್‌ನ ಹೋಟೆಲಿನಲ್ಲಿ. ಆ ಆಯೋಗದ ವರದಿಯ ನಂತರ ತಿಂಗಳ ಲೈಸೆನ್ಸ್ ಹೋಗಿ, ವರ್ಷಕ್ಕೆ ಒಂದು ಪೌಂಡಿನ ಹಕ್ಕುಪತ್ರ ಬಂತು, ಅದರೊಂದಿಗೆ ಮತದ ಹಕ್ಕೂ ಬಂತು.

ಊರನ್ನು ರೂಪಿಸಿದ್ದು ಹೋಟೆಲುಗಳೇ ಎಂಬ ಈ ಮಾತಿಗೆ ಆಕ್ಷೇಪಗಳಿವೆ. ಹೆಂಡದಂಗಡಿಗಳಿಗೆ ಇಷ್ಟು ದೊಡ್ಡ ಪಟ್ಟವೇ, ಜನ ಸೇರಿದ್ದು ಬಯಲಿನಲ್ಲಲ್ಲವೇ ಎಂದು ಕೇಳಬಹುದು. ಸಾವಿರಾರು ಜನ ಬಯಲಿನಲ್ಲಿ ಕೈಯೆತ್ತಿ ನಿರ್ಣಯ ಒಪ್ಪಬಲ್ಲರು. ಆ ನಿರ್ಣಯವನ್ನು ವಾಕ್ಯ ವಾಕ್ಯವಾಗಿ ಬರೆಯಲು ಒಂದು ಮೇಜು, ಮುಚ್ಚಿಕೊಳ್ಳುವ ಬಾಗಿಲು ಬೇಕು. ಕುಡಿತದ ಕೇಡನ್ನು ಸ್ಕೋಬಿಯ ಸಾವೇ ತೋರಿಸಿದೆ, ಅದನ್ನು ಅಲ್ಲಗಳೆಯಬೇಕಿಲ್ಲ. ಆದರೆ ಮದ್ಯವಿರೋಧಿಗಳೂ ಮುಂದೆ ಕಟ್ಟಿದ್ದು ಕೋಣೆ, ಊಟದ ಮನೆಗಳುಳ್ಳ ಹೋಟೆಲನ್ನೇ. ಕಾಫಿ ಪ್ಯಾಲೆಸ್ ಅಂದರೆ ಮದ್ಯ ತೆಗೆದ ಹೋಟೆಲ್. ಊರಿಗೆ ಬೇಕಾಗಿದ್ದುದು ಬರೀ ಕುಡಿತವಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಇನ್ನೊಂದು ಆಕ್ಷೇಪ ತೂಕದ್ದು: ಹೋಟೆಲ್ ಎಲ್ಲರದೂ ಆಗಿರಲಿಲ್ಲ. ಆ ನೆಲದ ಮೂಲನಿವಾಸಿಗಳಾದ ವಾಡವುರುಂಗ್ ಜನರಿಗೆ ಮದ್ಯ ಮಾರುವುದನ್ನೇ ಕಾನೂನು ನಿಷೇಧಿಸಿತ್ತು. 1855ರಲ್ಲಿ ಹಡಗಿನಿಂದಿಳಿಯುವ ಪ್ರತಿ ಚೀನೀಯನ ಮೇಲೆ 10 ಪೌಂಡ್ ತೆರಿಗೆ ಬಿತ್ತು, ಅವರನ್ನು ಬೇರೆ ಕೇರಿಗಳಲ್ಲಿ ಇಡಲಾಯಿತು. ಈ ಮಾತು ನನ್ನ ವಾದವನ್ನು ಕೆಡಿಸುವುದಿಲ್ಲ, ಅದರ ಎಲ್ಲೆ ತೋರಿಸುತ್ತದೆ. ಹೋಟೆಲಿನ ಕೋಣೆಯಲ್ಲಿ ರೂಪುಗೊಂಡ ಪ್ರಜಾಪ್ರಭುತ್ವ ಆ ಕೋಣೆಗೆ ಬರಬಲ್ಲವರಷ್ಟೇ ಅಗಲವಾಗಿತ್ತು.

ಸ್ಟಾರ್‌ನಂಥವು ಅಳಿದು ಲಿಡಿಯಾರ್ಡ್ ಬೀದಿ ಉಳಿದದ್ದು ಆಕಸ್ಮಿಕವಲ್ಲ. ಮೇನ್ ರಸ್ತೆ ತಗ್ಗಿನಲ್ಲಿತ್ತು, ಅಲ್ಲಿನವು ಮರ, ಕ್ಯಾನ್ವಾಸಿನ ಕಟ್ಟಡಗಳು. ಬೆಂಕಿಯೂ ನೆರೆಯೂ ಅವನ್ನು ನುಂಗಿದವು. ಹಣವಂತರು ಎತ್ತರದ ಪಶ್ಚಿಮ ಭಾಗದಲ್ಲಿ ಇಟ್ಟಿಗೆ, ಕಲ್ಲಿನಲ್ಲಿ ಕಟ್ಟಿದರು. 1857ರಲ್ಲಿ ವಾಲ್ಟರ್ ಕ್ರೇಗ್ ಬಾತ್‌ನ ಹೋಟೆಲನ್ನು ಕೊಂಡ. 1867ರಲ್ಲಿ ಬ್ರಿಟನ್ನಿನ ರಾಜಕುಮಾರ ಆಲ್ಫ್ರೆಡ್ ಬಂದು ಹೋದ ಮೇಲೆ ಅದರ ಹೆಸರಿಗೆ ‘ರಾಯಲ್’ ಸೇರಿತು. ಇಪ್ಪತ್ತನೇ ಶತಮಾನದಲ್ಲಿ ಪರವಾನಗಿ ಕಡಿತದ ಮಂಡಳಿ ಸಣ್ಣ ಹೋಟೆಲುಗಳನ್ನು ಮುಚ್ಚಿಸಿತು, 1916ರಿಂದ ಐವತ್ತು ವರ್ಷ ಸಂಜೆ ಆರಕ್ಕೇ ಬಾರು ಮುಚ್ಚುವ ಕಾನೂನು ಉಳಿದವುಗಳ ಸಂಜೆಯ ಸಭೆ, ಹರಟೆಗಳನ್ನು ಕಿತ್ತುಕೊಂಡಿತು. ಹೀಗೆ ಗಟ್ಟಿ ಗೋಡೆ ಇದ್ದವು ಪರಂಪರೆಯಾದವು, ಗಟ್ಟಿ ದನಿ ಇದ್ದವು ಮರೆಯಾದವು. ಕ್ರೇಗ್ಸ್ ಹೋಟೆಲನ್ನು ಕಾಪಾಡಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದನ್ನು ರಾಜಕುಮಾರ ತಂಗಿದ ಮನೆ ಎನ್ನುವುದಕ್ಕಿಂತ, ಅದೇ ಜಾಗದಲ್ಲಿ ಗಣಿಗಾರರು ಆಯೋಗದ ಮುಂದೆ ನಿಂತು ತಮ್ಮ ಕಷ್ಟ ಹೇಳಿಕೊಂಡರು ಎಂದು ಮೊದಲು ಹೇಳುವುದು ನ್ಯಾಯ. ಆಗ ಮಾತ್ರ ಆ ಬೀದಿಯ ವೈಭವಕ್ಕೆ ಯಾರು ಬೆಲೆ ತೆತ್ತರು ಎಂಬುದೂ ನೋಡುವವರಿಗೆ ತಿಳಿದೀತು.