ಮದುವೆಗೆ ಮೊದಲು ಆಸ್ತಿ ಕರಾರು: ಬಾಂಡ್ ಪೇಪರ್ ಕೋರ್ಟಲ್ಲಿ ನಿಲ್ಲುತ್ತಾ? ಇಲ್ಲಿದೆ ಮಾಹಿತಿ

ಸಾಗರ: ತೋಟ, ಅಂಗಡಿ ಇರುವ ಮನೆಗಳಲ್ಲಿ ಮದುವೆ ಮಾತುಕತೆ ವೇಳೆ ಈಗ ‘ಪ್ರಿನಪ್’ ಮಾತೂ ಬರುತ್ತಿದೆ. ಮುಂದೆ ಹೊಂದಾಣಿಕೆ ಆಗದಿದ್ರೆ ಯಾರಿಗೆ ಏನು ಎಂದು ಮೊದಲೇ ಬರೆದಿಡುವ ಕರಾರು ಇದು. ಸಾಗರ, ಹೊಸನಗರ, ತೀರ್ಥಹಳ್ಳಿ ಭಾಗದವರು ಸಹಿ ಹಾಕುವ ಮೊದಲು ತಿಳಿದಿರಬೇಕಾದ ವಿಷಯಗಳು ಇಲ್ಲಿವೆ.

ಕಾನೂನು ಏನು ಹೇಳುತ್ತೆ?
ಹಿಂದೂ ವಿವಾಹ ಕಾಯ್ದೆ, 1955ರಲ್ಲಿ ಇಂಥ ಕರಾರಿಗೆ ಜಾಗವಿಲ್ಲ. ಸಾರ್ವಜನಿಕ ನೀತಿಗೆ ವಿರುದ್ಧವಾದ ಕರಾರು 1872ರ ಕರಾರು ಕಾಯ್ದೆಯ 23ನೇ ಕಲಂ ಪ್ರಕಾರ ಅಸಿಂಧು. ಮನೆ ಅಳಿಯನಾಗಿ ಬಂದವನು ಹೆಂಡತಿಯನ್ನು ತವರಿನಿಂದ ಬೇರೆಡೆ ಕರೆದೊಯ್ಯಬಾರದು ಎಂಬ ಕರಾರನ್ನು ಕಲ್ಕತ್ತಾ ಹೈಕೋರ್ಟ್ 1901ರಲ್ಲೇ ಒಪ್ಪಲಿಲ್ಲ. ‘ಜೀವನಾಂಶ ಕೇಳಲ್ಲ’ ಎಂದು ಬರೆದುಕೊಟ್ಟರೂ ಆ ಹಕ್ಕು ಹೋಗುವುದಿಲ್ಲ. ಗೋವಾದಲ್ಲಿ ಮಾತ್ರ ಪೋರ್ಚುಗೀಸ್ ಕಾಲದ ನಾಗರಿಕ ಸಂಹಿತೆ ಇರುವುದರಿಂದ ಮದುವೆಗೆ ಮುಂಚಿನ ಆಸ್ತಿ ಒಪ್ಪಂದಕ್ಕೆ ಮಾನ್ಯತೆ ಇದೆ.

ಡೈವೋರ್ಸ್ ಆದ್ರೆ ಅರ್ಧ ತೋಟ ಹೋಗುತ್ತಾ?
ಇಲ್ಲ. ಹಿಂದೂ ಕಾನೂನಿನಲ್ಲಿ ಮದುವೆಯಾದ ಮಾತ್ರಕ್ಕೆ ಗಂಡನ ತೋಟ, ಅಂಗಡಿಯಲ್ಲಿ ಹೆಂಡತಿಗೆ ಅರ್ಧ ಪಾಲು ಬರುವುದಿಲ್ಲ. ಆದರೆ ಕೋರ್ಟ್ ಜೀವನಾಂಶ ನಿಗದಿ ಮಾಡುವಾಗ ಇಬ್ಬರ ಆದಾಯ, ಆಸ್ತಿ ನೋಡುತ್ತೆ.

ಅಂಗಡಿ ಸಾಲ ಯಾರ ತಲೆ ಮೇಲೆ?
ಗಂಡನ ವ್ಯಾಪಾರದ ಸಾಲ ತಾನಾಗಿಯೇ ಹೆಂಡತಿಗೆ ಬರುವುದಿಲ್ಲ. ಸೊಸೈಟಿ, ಬ್ಯಾಂಕಿನಲ್ಲಿ ಜಾಮೀನು ಅಥವಾ ಜಂಟಿ ಸಾಲಗಾರಳಾಗಿ ಸಹಿ ಹಾಕಿದ್ರೆ ಮಾತ್ರ ಹೊಣೆ. ಮನೆಯವರೇ ಹೇಳಿದ್ರೂ ಓದದೆ ಸಹಿ ಹಾಕಬಾರದು.

ಈ ಎರಡರಲ್ಲಿ ಎಚ್ಚರ
* ಇಷ್ಟು ದುಡ್ಡು, ಇಂಥ ಕಾರು ಕೊಡಬೇಕು ಎಂದು ಬರೆದರೆ ಅದು ವರದಕ್ಷಿಣೆ. 1961ರ ಕಾಯ್ದೆಯಡಿ ಆ ಕರಾರು ಅಸಿಂಧು. ಕೊಡುವುದು, ತೆಗೆದುಕೊಳ್ಳುವುದು ಎರಡೂ ಅಪರಾಧ, ಆ ಕಾಗದವೇ ಸಾಕ್ಷಿ.
* ಪ್ರಿನಪ್ ಹೆಸರಲ್ಲಿ ಮಗಳಿಂದ ಹಕ್ಕುಖುಲಾಸೆ ಪತ್ರಕ್ಕೆ ಸಹಿ ಹಾಕಿಸುವುದು ಬೇರೆಯೇ ವಿಷಯ. 2005ರ ತಿದ್ದುಪಡಿ ನಂತರ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು, ಮದುವೆಯಾದರೂ ಇದೆ. ಖುಲಾಸೆ ಪತ್ರ ನೋಂದಣಿಯಾದ ಮೇಲೆ ವಾಪಸ್ ಪಡೆಯುವುದು ಬಹಳ ಕಷ್ಟ.

ಹಾಗಾದ್ರೆ ಏನು ಮಾಡಬಹುದು?
* ಮದುವೆಯಲ್ಲಿ ಬಂದ ಉಡುಗೊರೆಗಳ ಪಟ್ಟಿ ಬರೆಯಿರಿ. ವಸ್ತು, ಅಂದಾಜು ಬೆಲೆ, ಕೊಟ್ಟವರ ಹೆಸರು, ಸಂಬಂಧ ಇರಲಿ. ವಧು–ವರ ಇಬ್ಬರೂ ಸಹಿ ಹಾಕಲಿ. 1985ರ ನಿಯಮವೇ ಇದನ್ನು ಹೇಳುತ್ತದೆ.
* ಚಿನ್ನದ ಬಿಲ್ ಜೋಪಾನ ಮಾಡಿ. ಹೆಣ್ಣಿಗೆ ಬಂದ ಒಡವೆ ಸ್ತ್ರೀಧನ, ಅದು ಅವಳದ್ದೇ. ಅತ್ತೆ ಮನೆಯ ಬೀರುವಿನಲ್ಲಿದ್ದರೂ ಅಷ್ಟೇ.
* ಜಾಗ ಕೊಡುವುದಾದರೆ ಬಾಂಡ್ ಪೇಪರ್ ಸಾಲದು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ದಾನಪತ್ರ ನೋಂದಣಿ ಆಗಬೇಕು.
* ಇಬ್ಬರೂ ಸೇರಿ ಅಂಗಡಿ ನಡೆಸುವುದಾದರೆ ಪಾಲುದಾರಿಕೆ ಪತ್ರ ಮಾಡಿಸಿ.
* ಮದುವೆಯನ್ನೂ ನೋಂದಣಿ ಮಾಡಿಸಿ.

ಉಚಿತ ಸಲಹೆ
ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ನೆರವು ಉಚಿತ. ಕೋರ್ಟ್ ಆವರಣದ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಬಹುದು, ಅಥವಾ 15100ಕ್ಕೆ ಕರೆ ಮಾಡಬಹುದು. ಯಾವುದೇ ಕಾಗದಕ್ಕೆ ಸಹಿ ಹಾಕುವ ಮೊದಲು ಹುಡುಗ, ಹುಡುಗಿ ಬೇರೆ ಬೇರೆ ವಕೀಲರಿಗೆ ತೋರಿಸುವುದು ಒಳ್ಳೆಯದು.