ಹಡಗಿನ ಪಟ್ಟಿಯಲ್ಲಿ ನಮ್ಮೂರು

ಸಮುದ್ರ ದಾಟಿ ದುಡಿಯಲು ಹೋಗುವುದೆಂದರೆ ನಮಗೆ ಇಂದು ನೆನಪಾಗುವುದು ಗಲ್ಫ್ ಮಾತ್ರ. ಆದರೆ ಅದಕ್ಕೂ ನೂರು ವರ್ಷ ಮೊದಲೇ ಮದ್ರಾಸ್ ಬಂದರಿನಲ್ಲಿ ಹಡಗು ಹತ್ತಿದವರಲ್ಲಿ ಮೈಸೂರು ಸೀಮೆಯ ಬಡವರೂ ಇದ್ದರು. 1860ರ ಅಕ್ಟೋಬರಿನಲ್ಲಿ ಮದ್ರಾಸ್ ಬಿಟ್ಟ ‘ಟ್ರೂರೋ’ ಹಡಗು ನವೆಂಬರ್ 16ರಂದು ದಕ್ಷಿಣ ಆಫ್ರಿಕಾದ ಡರ್ಬನ್ ಮುಟ್ಟಿತು. ಅಲ್ಲಿಂದ 1911ರವರೆಗೆ ಐದು ವರ್ಷಗಳ ಕರಾರಿಗೆ ಹೆಬ್ಬೆಟ್ಟು ಒತ್ತಿ ನತಾಲ್ ವಸಾಹತಿಗೆ ಹೋದ ಭಾರತೀಯರು ಒಂದೂವರೆ ಲಕ್ಷಕ್ಕೂ ಹೆಚ್ಚು. ಅವರಲ್ಲಿ ಹೆಚ್ಚಿನವರ ಪಾಲಿಗೆ ಬಂದದ್ದು ಕಬ್ಬಿನ ತೋಟದ ದುಡಿಮೆ.

ಬೆಂಗಳೂರಿನಿಂದ ಮದ್ರಾಸಿನ ಕಡೆಗೆ ರೈಲು ಬಂದದ್ದು 1864ರಲ್ಲಿ. ನಂತರ 1876-78ರ ಭೀಕರ ಬರ. 1871ರಲ್ಲಿ 50 ಲಕ್ಷವಿದ್ದ ಮೈಸೂರಿನ ಜನಸಂಖ್ಯೆ 1881ರ ಹೊತ್ತಿಗೆ ಸುಮಾರು 42 ಲಕ್ಷಕ್ಕೆ ಇಳಿಯಿತು. ಹಸಿದವನಿಗೆ ಸಮುದ್ರದ ಭಯವೆಲ್ಲಿ?

ಹೋದವರ ನೆನಪು ಊರಿನಲ್ಲಿ ಅಳಿಸಿಹೋಗಿರಬಹುದು, ಹಡಗಿನ ಪಟ್ಟಿಗಳಲ್ಲಿ ಅಳಿಸಿಲ್ಲ. ಪ್ರತಿಯೊಬ್ಬ ಕೂಲಿಗೂ ಒಂದು ನಂಬರು. ಅದರ ಮುಂದೆ ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಜಿಲ್ಲೆ, ತಾಲೂಕು, ಹಳ್ಳಿ, ಮೈಮೇಲಿನ ಮಚ್ಚೆ. ಆಳನ್ನು ಎಣಿಸಲು ಬರೆದ ಈ ಲೆಕ್ಕವೇ ಇಂದು ಅವರ ಮರಿಮಕ್ಕಳಿಗೆ ವಂಶಾವಳಿ.

ಆದರೆ ಕನ್ನಡ, ಉರ್ದು ಹೆಸರುಗಳನ್ನು ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಬರೆದರೆ ಏನಾದೀತು? ‘ಬಳ್ಳಾಪುರ’ ಎಂದಷ್ಟೇ ಇದ್ದರೆ ಅದು ದೊಡ್ಡಬಳ್ಳಾಪುರವೋ ಚಿಕ್ಕಬಳ್ಳಾಪುರವೋ? ಹೊಸಹಳ್ಳಿಗಳಂತೂ ತಾಲೂಕಿಗೆ ಹಲವು. ಬೆಂಗಳೂರು ಗ್ರಾಮಾಂತರ ಎಂಬ ಜಿಲ್ಲೆ ಹುಟ್ಟಿದ್ದೇ 1986ರಲ್ಲಿ. ದೇವನಹಳ್ಳಿ, ಹೊಸಕೋಟೆ, ನೆಲಮಂಗಲದವರನ್ನು ಆ ಪಟ್ಟಿಗಳಲ್ಲಿ ಹಳೆಯ ಬೆಂಗಳೂರು ಜಿಲ್ಲೆಯಡಿಯೇ ಹುಡುಕಬೇಕು. ಮನೆತನದ ಹೆಸರಿಲ್ಲದೆ ಹೋದವರ ಮಕ್ಕಳಿಗೆ ಎಷ್ಟೋ ಕಡೆ ತಂದೆಯ ಹೆಸರೇ ಮನೆತನದ ಹೆಸರಾಯಿತು. ಹೀಗಾಗಿ ಇಂದಿನ ಹೆಸರು ಹಿಡಿದು ಹೊರಟವರು ದಾರಿ ತಪ್ಪುತ್ತಾರೆ. ನಂಬರು ಹಿಡಿದು ಹೊರಟವರು ಹಡಗಿನವರೆಗೆ, ಹಡಗಿನಿಂದ ಬಂದರಿನವರೆಗೆ, ಅಲ್ಲಿಂದ ಹಳ್ಳಿಯ ಹೆಸರಿನವರೆಗೆ ಬರಬಹುದು.

ಅಲ್ಲಿಂದ ಮುಂದಿನ ದಾರಿ ಡರ್ಬನ್ನಿನಲ್ಲಿಲ್ಲ, ನಮ್ಮಲ್ಲಿದೆ. ಮಸೀದಿಗಳಲ್ಲಿ ಉಳಿದಿರುವ ಉರ್ದು ನಿಕಾಹ್ ದಫ್ತರುಗಳು, ಖಬರಸ್ತಾನದ ಕಲ್ಲುಗಳು, ಇನಾಮು ಜಮೀನಿನ ಕನ್ನಡ ಕಡತಗಳು — ಇವನ್ನು ಓದಬಲ್ಲವರು ನಮ್ಮ ನಡುವೆಯೇ ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ. ಗೆದ್ದಲು ಹಿಡಿಯುವ ಮುನ್ನ ಪ್ರತಿ ಜಮಾಅತ್ ತನ್ನ ಹಳೆಯ ದಫ್ತರುಗಳ ಒಂದೊಂದು ನಕಲು ತೆಗೆದಿಡಲಿ. ಐದು ತಲೆಮಾರಿನ ನಂತರ ಯಾರೋ ಒಬ್ಬರು ಹಳ್ಳಿಯ ಹೆಸರು ಬರೆದ ಚೀಟಿ ಹಿಡಿದು ಬಂದರೆ, ‘ಹೌದು, ನಿಮ್ಮವರು ಇಲ್ಲಿದ್ದರು’ ಎನ್ನಲು ನಮ್ಮಲ್ಲಿ ಒಂದು ಕಾಗದವಾದರೂ ಇರಬೇಕಲ್ಲವೇ?