ಬಿರಿದ ಗೋಡೆಯೂ ಸರಕಾರದ ಸಹಾಯಧನವೂ

ಪ್ರಕೃತಿವಿಕೋಪಕ್ಕೆ ಸಿಕ್ಕಿ ಮನೆ ಕಳೆದುಕೊಂಡವನಿಗೆ ಅದನ್ನು ಮರಳಿ ನಿಲ್ಲಿಸಿಕೊಳ್ಳಲು ಬೊಕ್ಕಸದಿಂದ ಹಣ ಸಲ್ಲಬೇಕೆಂಬ ಭಾವನೆ ಇಂದು ಸಹಜವಾಗಿ ತೋರುವುದಾದರೂ, ನಮ್ಮ ದೇಶದ ಆಡಳಿತದಲ್ಲಿ ಅದು ಬೇರೂರಿದ್ದು ಈಚೆಗೆ. 1876-78ರ ಘೋರ ಕ್ಷಾಮದ ತರುವಾಯ ನೇಮಕವಾದ ಆಯೋಗದ ವರದಿಯನ್ನು ಅನುಸರಿಸಿ 1883ರಲ್ಲಿ ರೂಪುಗೊಂಡ ಕ್ಷಾಮ ಸಂಹಿತೆಯು ದುಡಿಯಬಲ್ಲವನಿಗೆ ಕೂಲಿಯನ್ನೂ ಅಶಕ್ತನಿಗೆ ಗಂಜಿಯನ್ನೂ ವಿಧಿಸಿತೇ ಹೊರತು, ಬಿದ್ದ ಗೋಡೆಯ ಕಡೆಗೆ ಅದರ ದೃಷ್ಟಿ ಹರಿಯಲಿಲ್ಲ; ಆ ಕಾಲದಲ್ಲಿಯೇ ಜಾರಿಗೆ ಬಂದ ಕಾಯಿದೆಗಳ ಮೇರೆಗೆ ಸಾಗುವಳಿದಾರನಿಗೆ ದೊರೆಯುತ್ತಿದ್ದ ತಕಾವಿಯಾದರೋ ತೀರಿಸಲೇಬೇಕಾದ ಸಾಲವಾಗಿತ್ತು.

ಸ್ವಾತಂತ್ರ್ಯಾನಂತರ 1957ರಲ್ಲಿ ಎರಡನೆಯ ಹಣಕಾಸು ಆಯೋಗವು ವಿಪತ್ತಿಗೆಂದು ರಾಜ್ಯಗಳು ಕೊಂಚ ಹಣವನ್ನು ತೆಗೆದಿರಿಸತಕ್ಕದ್ದೆಂದು ಸೂಚಿಸಿತು. ಒಂಬತ್ತನೆಯ ಆಯೋಗದ ಸಲಹೆಯಂತೆ 1990ರಲ್ಲಿ, ಮುಕ್ಕಾಲು ಪಾಲನ್ನು ಕೇಂದ್ರವೂ ಕಾಲು ಪಾಲನ್ನು ರಾಜ್ಯವೂ ವಹಿಸುವ ಪ್ರತ್ಯೇಕ ನಿಧಿ ಸ್ಥಾಪಿತವಾಯಿತು. ಆದರೆ ಹಣದ ಮೂಲ ನಿಶ್ಚಿತವಾದ ಮಾತ್ರಕ್ಕೆ ಮನೆ ಕಟ್ಟಿಸುವ ವಿವೇಕ ಒದಗುವುದಿಲ್ಲ. ಅದನ್ನು ಭೂಕಂಪಗಳೇ ಕಲಿಸಬೇಕಾಯಿತು.

1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಲಾತೂರು, ಉಸ್ಮಾನಾಬಾದು ಪ್ರಾಂತದಲ್ಲಿ ಸಾವಿರಾರು ಜನ ನಿದ್ರೆಯಲ್ಲಿಯೇ ಮಡಿದುದಕ್ಕೆ ಕಾರಣ, ಮಣ್ಣಿನ ಗಾರೆಯಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆಗಳೂ ಅವುಗಳ ಮೇಲೆ ಹೇರಿದ್ದ ಮಣ್ಣಿನ ಮಾಳಿಗೆಗಳೂ ಆಗಿದ್ದವು. ಅಂಥ ಗೋಡೆ, ಅಂಥ ಮಾಳಿಗೆ ನಮ್ಮ ಬೀದರ, ಕಲಬುರಗಿ ಸೀಮೆಗಳಿಗೂ ಅಪರಿಚಿತವಲ್ಲ. ತೀವ್ರವಾಗಿ ಧ್ವಂಸವಾದ 52 ಗ್ರಾಮಗಳನ್ನು ಮಹಾರಾಷ್ಟ್ರ ಸರಕಾರವು ಬೇರೆಡೆಗೆ ಸ್ಥಳಾಂತರಿಸಿತು. ಉಳಿದ ಗ್ರಾಮಗಳಲ್ಲಿ ಲಕ್ಷಕ್ಕೂ ಮಿಕ್ಕ ಮನೆಗಳನ್ನು ನಿಂತ ನೆಲೆಯಲ್ಲಿಯೇ ದುರಸ್ತಿಮಾಡಿ ಬಲಪಡಿಸಿಕೊಳ್ಳಲು ಮನೆಯೊಡೆಯರಿಗೇ ನೆರವು ನೀಡಲಾಯಿತು. ಮಾಳಿಗೆಯ ಮಣ್ಣಿನ ಭಾರವನ್ನು ಇಳಿಸುವುದು, ಗೋಡೆಯ ಎರಡು ಮೈಗಳನ್ನೂ ಬೆಸೆಯುವಂತೆ ಅಡ್ಡಗಲ್ಲುಗಳನ್ನು ಕೂರಿಸುವುದು, ಬಾಗಿಲಿನ ಮೇಲ್ಮಟ್ಟದಲ್ಲಿ ಮನೆಯನ್ನು ಸುತ್ತುವರಿದು ಕಾಂಕ್ರೀಟಿನ ಪಟ್ಟಿ ಹಾಕುವುದು ಮುಂತಾದ, ಹಳ್ಳಿಯ ಗೌಂಡಿಯೂ ಮಾಡಬಲ್ಲ ಉಪಾಯಗಳನ್ನು ತಿಳಿಸಿಕೊಡಲು ಗ್ರಾಮದ ಸ್ತ್ರೀಯರನ್ನೇ ಸಂವಾದ ಸಹಾಯಕರನ್ನಾಗಿ ನೇಮಿಸಿದ್ದು, ನನ್ನ ದೃಷ್ಟಿಯಲ್ಲಿ, ಈ ಕ್ಷೇತ್ರದ ಇತಿಹಾಸದಲ್ಲಿಯೇ ಅತ್ಯಂತ ವಿವೇಕದ ಹೆಜ್ಜೆ. ಮನೆಯೊಳಗೆ ಹೆಚ್ಚು ಹೊತ್ತು ಕಳೆಯುವವರಿಗೆ ಅದರ ದೌರ್ಬಲ್ಯವೂ ಹೆಚ್ಚಾಗಿ ತಿಳಿದಿರುತ್ತದೆ.

2001ರ ಜನವರಿ 26ರಂದು ಕಚ್ಛ ಪ್ರಾಂತವು ನಡುಗಿದಾಗ ಗುಜರಾತವು ಈ ಮಾರ್ಗವನ್ನೇ ವಿಸ್ತರಿಸಿತು. ಹಣವು ಕಂತುಕಂತಾಗಿ ಮನೆಯೊಡೆಯನ ಬ್ಯಾಂಕ್ ಖಾತೆಗೆ ಸಂದಾಯವಾಗುತ್ತಿತ್ತು. ಕೆಲಸವು ಒಂದು ಹಂತವನ್ನು ಮುಟ್ಟಿತೆಂದು ಎಂಜಿನಿಯರು ಪ್ರಮಾಣೀಕರಿಸಿದ ಮೇಲೆಯೇ ಮುಂದಿನ ಕಂತು ಬಿಡುಗಡೆಯಾಗುತ್ತಿತ್ತು. ಕಟ್ಟುವ ಸ್ವಾತಂತ್ರ್ಯ ಮನೆಯೊಡೆಯನದು, ಭದ್ರತೆಯ ಪರಿಶೀಲನೆ ಸರಕಾರದ್ದು ಎಂಬ ಈ ಏರ್ಪಾಡು ಅಲ್ಲಿಂದ ಮುಂದಿನ ಅನೇಕ ಪುನರ್ನಿರ್ಮಾಣ ಕಾರ್ಯಗಳಿಗೆ ಮಾದರಿಯಾಯಿತು. 2005ರ ವಿಪತ್ತು ನಿರ್ವಹಣಾ ಕಾಯಿದೆಯ 12ನೆಯ ಪ್ರಕರಣವು ಪರಿಹಾರದ ಕನಿಷ್ಠ ಪ್ರಮಾಣಗಳಲ್ಲಿ ಮನೆಯ ಹಾನಿಗೆ ಕೊಡುವ ಸಹಾಯವನ್ನೂ ಸೇರಿಸಿತು.

ಕರ್ನಾಟಕದ ಅನುಭವ ಎರಡು ಬಗೆಯದು. 2009ರ ಮಹಾಪೂರದ ಅನಂತರ ದಾನಿಗಳ ಸಹಭಾಗಿತ್ವದಲ್ಲಿ ಎತ್ತರದ ನೆಲದಲ್ಲಿ ಹೊಸ ಬಡಾವಣೆಗಳನ್ನು ನಿರ್ಮಿಸಿ ‘ಆಸರೆ’ ಮನೆಗಳನ್ನು ಹಂಚಲಾಯಿತು. ಆದರೆ ದನಕ್ಕೆ ಹಟ್ಟಿಯಿಲ್ಲದ, ಹೊಲಕ್ಕೆ ದೂರವಾದ ಆ ಮನೆಗಳನ್ನು ಬಿಟ್ಟು ಹಳೆಯ ಊರಿಗೇ ಮರಳಿದವರು ಅನೇಕರು. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳು ಉಕ್ಕಿ ಹರಿದಾಗ ರಾಜ್ಯ ಸರಕಾರವು ಪೂರ್ಣ ನಾಶವಾದ ಮನೆಗೆ 5 ಲಕ್ಷ ರೂಪಾಯಿಗಳನ್ನು ಘೋಷಿಸಿ ಕಟ್ಟುವ ಹೊಣೆಯನ್ನು ಕುಟುಂಬಕ್ಕೇ ವಹಿಸಿತು. ಕೇಂದ್ರದ ದರ ಆಗ ಬಯಲುಸೀಮೆಯಲ್ಲಿ 95,100 ರೂಪಾಯಿ ಮಾತ್ರವಿದ್ದುದನ್ನು ನೆನೆದರೆ ಇದರ ಔದಾರ್ಯ ತಿಳಿಯುತ್ತದೆ. ಶೇಕಡಾ 15ರಿಂದ 25ರಷ್ಟು ಹಾನಿಗೊಂಡ ಮನೆಗೆ 50,000 ರೂಪಾಯಿ ಗೊತ್ತಾಯಿತು.

ಇನ್ನು 2022ರಿಂದ 2026ರ ಅವಧಿಗೆ ಕೇಂದ್ರವು ವಿಧಿಸಿದ ದರಗಳನ್ನು ನೋಡೋಣ. ಪೂರ್ಣ ಹಾಳಾದ ಮನೆಗೆ ಬಯಲಿನಲ್ಲಿ 1,20,000 ರೂಪಾಯಿ, ಗುಡ್ಡಗಾಡಿನಲ್ಲಿ 1,30,000. ಭಾಗಶಃ ಕೆಟ್ಟ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000. ಅದೂ ಹಾನಿ ಶೇಕಡಾ 15ಕ್ಕೆ ಕಡಿಮೆಯಿರಕೂಡದು. ಒಂದು ಗೋಡೆಯನ್ನು ತಳಪಾಯದಿಂದ ಎಬ್ಬಿಸಲು 6,500 ರೂಪಾಯಿ ಸಾಲದೆಂಬುದನ್ನು ಯಾವ ಗೌಂಡಿಯಾದರೂ ಹೇಳಿಯಾನು. ಪೂರ್ಣ ಮತ್ತು ಭಾಗಶಃ ಹಾನಿಗಳ ನಡುವೆ ಇಷ್ಟು ಆಳವಾದ ಕಂದರವಿರುವುದರಿಂದ, ಮಹಜರು ಬರೆಯುವ ಗ್ರಾಮಲೆಕ್ಕಿಗನ ಒಂದು ಪದದ ಮೇಲೆ ಕುಟುಂಬದ ಭವಿಷ್ಯವೇ ತೂಗಾಡುತ್ತದೆ. ಉಳಿಸಿಕೊಳ್ಳಬಹುದಾದ ಮನೆಯನ್ನು ಕೆಡವಿಬಿಡುವುದೇ ಲಾಭವೆಂಬ ವಿಪರೀತ ಬುದ್ಧಿಗೂ ಎಡೆಯಾಗುತ್ತದೆ. ಮನೆಯು ಅಧಿಕೃತ ಕಟ್ಟಡವೆಂದು ದೃಢೀಕೃತವಾಗಿರಬೇಕೆಂಬ ನಿಬಂಧನೆಯಂತೂ ಹಕ್ಕುಪತ್ರವಿಲ್ಲದ ಬಡವನನ್ನು, ನೆರವು ಅತ್ಯಗತ್ಯವಾದವನನ್ನು, ಹೊರಗೇ ನಿಲ್ಲಿಸುತ್ತದೆ.

ಹದಿನೈದನೆಯ ಹಣಕಾಸು ಆಯೋಗವು ರಾಜ್ಯದ ವಿಪತ್ತು ನಿಧಿಯ ಶೇಕಡಾ 30 ಭಾಗವನ್ನು ಪುನಶ್ಚೇತನಕ್ಕೂ ಪುನರ್ನಿರ್ಮಾಣಕ್ಕೂ ಮೀಸಲಿಟ್ಟಿದೆ. ಆದುದರಿಂದ ದುರಸ್ತಿಗೆ ಹಣವಿಲ್ಲವೆಂಬ ಮಾತು ನಿಲ್ಲಲಾರದು. ಮುಂದಿನ ದರಪರಿಷ್ಕರಣದಲ್ಲಿ ದುರಸ್ತಿಯ ಸಹಾಯಧನವನ್ನು ಕೆಲಸದ ನಿಜವಾದ ವೆಚ್ಚಕ್ಕೆ ಹೊಂದಿಸಬೇಕು. ಹಾನಿಯನ್ನು ಅಳೆಯಲು ಗ್ರಾಮಲೆಕ್ಕಿಗನೊಡನೆ ಎಂಜಿನಿಯರನೂ ಬರಬೇಕು. ಗೋಡೆಯನ್ನು ಬಲಪಡಿಸಿಕೊಳ್ಳುವವನಿಗೆ ಲಾತೂರಿನಲ್ಲಿ ದೊರೆತಂತೆ ಹಣದ ಜೊತೆಗೆ ತಿಳಿವಳಿಕೆಯೂ ದೊರೆಯಬೇಕೆಂದು ಸರಕಾರವನ್ನು ಕೇಳಿಕೊಳ್ಳುತ್ತೇನೆ.